ಅತ್ತೆಯ ಹೊಲದಲ್ಲಿ ಮಂದೆ

ನಾನೂ ಅಣ್ಣನೂ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳು ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಮಕ್ಕಳಿಲ್ಲದ ವಿಧವೆ. ನಮ್ಮಿಬ್ಬರನ್ನೂ ಸಾಕಿದ್ದು ಅವಳೇ. ಕೈಲಾಗದಂತಾದಾಗ ತನ್ನ ಕುರಿಗಳನ್ನೆಲ್ಲ ನನಗೆ ಬಿಟ್ಟುಕೊಟ್ಟಳು. ಜವನಗೊಂಡನಹಳ್ಳಿ ಹತ್ತಿರದ ಅವಳ ಹೊಲವನ್ನು ಅಣ್ಣ ಉಳುತ್ತಿದ್ದ.

ನನಗೂ ಅಣ್ಣನಿಗೂ ಮಾತು ನಿಂತುಹೋಗಿತ್ತು. ನನ್ನ ಕುರಿಗಳು ಅವನ ಈರುಳ್ಳಿಗೆ ಬಾಯಿ ಹಾಕಿದ್ದವು, ಅವನು ಬಾಯಿಗೆ ಬಂದಂತೆ ಬೈದಿದ್ದ. "ನಿನ್ ಮನೇದು ಇನ್ನೊಂದ್ ತುತ್ತು ಉಂಡ್ರೆ ಕೇಳು" ಎಂದು ನಾನೂ ಹೇಳಿ ಬಂದಿದ್ದೆ. ಅತ್ತೆ ಎಲ್ಲ ಕೇಳಿಸಿಕೊಂಡು ಎಲೆಅಡಿಕೆ ಜಗಿಯುತ್ತ ಕೂತಿದ್ದಳು.

ಅವಳು ತೀರಿಕೊಂಡು ತಿಥಿ ಮುಗಿದ ಮೇಲೆ, ವಿಲ್ ಬರೆಸಿಟ್ಟಿದ್ದಾಳೆಂದು ತಿಳಿಯಿತು. ಬೇಸಿಗೆಯಲ್ಲೂ ಬತ್ತದ ಬಾವಿ ಇದ್ದದ್ದು ಆ ಹೊಲದಲ್ಲೇ. ಅದು ಕೈತಪ್ಪಿದರೆ ಕುರಿಗಳನ್ನು ಮಾರುವುದೊಂದೇ ದಾರಿ. ಅಣ್ಣನನ್ನು ಕೇಳುವಂತಿಲ್ಲ. ಅತ್ತೆಯ ಮರಣ ಪ್ರಮಾಣಪತ್ರ ಹಿಡಿದು ಹಿರಿಯೂರಿನ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ವಿಲ್ಲಿನ ನಕಲು ಕೇಳಿದೆ.

"ನೀವೇನಾಗ್ಬೇಕ್ರಿ ಅವ್ರಿಗೆ?" ಗುಮಾಸ್ತರು ಕೇಳಿದರು.

"ಮಗಳು" ಅಂದುಬಿಟ್ಟೆ. ಆಮೇಲೆ ತಿದ್ದಿಕೊಂಡು, "ತಮ್ಮನ ಮಗಳು" ಎಂದೆ.

ನಕಲು ಕೈಗೆ ಬಂದಾಗ ಬಸ್ ಸ್ಟ್ಯಾಂಡ್ ಮುಟ್ಟುವ ತಾಳ್ಮೆಯೂ ಇರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ಓದಿದೆ. ಹೊಲ, ಬಾವಿ ಎರಡೂ ಅಣ್ಣನಿಗೆ. ಕೆಳಗೆ ಇನ್ನೂ ಒಂದು ಮಾತಿತ್ತು: ಪ್ರತಿ ವರ್ಷ ಫಸಲು ತೆಗೆದ ಮೇಲೆ, ಮಳೆ ಬೀಳುವ ತನಕ, ನನ್ನ ಮಂದೆ ಆ ಹೊಲದಲ್ಲಿ ನಿಲ್ಲಬೇಕು, ಆ ಬಾವಿಯ ನೀರು ಕುಡಿಯಬೇಕು. ಅಣ್ಣ ತಡೆಯುವಂತಿಲ್ಲ.

ಕುರಿಗಳು ಉಳಿದವು. ಆದರೂ ಸಿಟ್ಟು ಬಂತು. ಸಾಕಿದ ಮಗಳಿಗೆ ಕುರಿ ಹಿಕ್ಕೆಯಿಂದ ಅವನ ಹೊಲಕ್ಕೆ ಗೊಬ್ಬರ ಹಾಕುವ ಕೆಲಸ ಬರೆದಿಟ್ಟಳಲ್ಲ, ಮಹಾತಾಯಿ!

ಬಸ್ಸಿನಲ್ಲಿ ಕೂತ ಮೇಲೆ ನಗು ಬಂತು. ನಮ್ಮ ಕಡೆ ಮಂದೆ ನಿಂತಷ್ಟು ದಿನ ಕುರಿಯವರಿಗೆ ಹೊಲದವನೇ ಊಟ ಕೊಡಬೇಕು. ಕೊಡದಿದ್ದರೆ ಊರು ಆಡಿಕೊಳ್ಳುತ್ತದೆ, ಕೊಟ್ಟಿದ್ದನ್ನು ಉಣ್ಣದಿದ್ದರೂ ಆಡಿಕೊಳ್ಳುತ್ತದೆ. ಅದನ್ನು ವಿಲ್ಲಿನಲ್ಲಿ ಬರೆಸುವ ಅಗತ್ಯವೇ ಅವಳಿಗಿರಲಿಲ್ಲ. ರಾಜಿ ಆಗಿ ಎಂದು ನಮಗೆ ಒಮ್ಮೆಯೂ ಹೇಳದವಳು, ಎಂಥ ತಲೆ ಓಡಿಸಿದ್ದಳು! ಪಕ್ಕದಲ್ಲಿದ್ದವರು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ಈರುಳ್ಳಿ ಕಿತ್ತಾದ ಮೇಲೆ ಮಂದೆ ಹೊಡೆದುಕೊಂಡು ಹೋದೆ. ಕುರಿಗಳ ಸುತ್ತ ಬಲೆ ಕಟ್ಟಿ ಮುಗಿಸುವಷ್ಟರಲ್ಲಿ ಅಣ್ಣ ಬುತ್ತಿ ಹಿಡಿದು ಬದುವಿನ ಮೇಲೆ ಬಂದು ನಿಂತ. ಮುಖ ಬೇರೆ ಕಡೆಗಿತ್ತು.

"ಮುದ್ದೆ ಆರ್ತೈತೆ."

"ಆರ್ಲಿ ಬಿಡು."

ಬುತ್ತಿ ಬಿಚ್ಚಿ ಬದುವಿನ ಮೇಲಿಟ್ಟು ಅಂದ: "ಅತ್ತೆ ಬೈತಾಳೆ ಬಾರವ್ವ, ಉಣ್ಣು."

ಬಾವಿಯ ನೀರಲ್ಲಿ ಕೈ ತೊಳೆದು ಅವನ ಪಕ್ಕ ಕೂತೆ. ತೀರಿಹೋದವಳಿಗೆ ಹೆದರಿ, ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡೆವು.