ತಮ್ಮದೇ ನಿಯಮ ತಿದ್ದಿದ ಅಧಿಕಾರಿ

ಕೌಶಲ ನೀತಿಯ ಬಗ್ಗೆ ಭಾಷಣ ಮಾಡುವವರು ಬಹಳ. ಆ ನೀತಿ ಅಂಗಡಿಯ ಹೊಸ್ತಿಲಲ್ಲಿ ಎಲ್ಲಿ ಎಡವುತ್ತದೆಂದು ಹೋಗಿ ನೋಡುವವರು ವಿರಳ. ಅಪ್ರೆಂಟಿಸ್ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ವಿರಳರಲ್ಲೊಬ್ಬರೆಂದರೆ, ಅವರ ಕೈಕೆಳಗೆ ದುಡಿದವರ ಅತಿಶಯೋಕ್ತಿಯೆಂದು ಓದುಗರು ಭಾವಿಸಬಾರದು.

ಬೆರಳಚ್ಚುಗಾರ್ತಿಯಾಗಿ ಸೇರಿದ ಅವರು ಸಂಜೆ ಕಾಲೇಜಿನಲ್ಲಿ ಓದಿ ಅಧಿಕಾರಿಯಾದರು. ಕಲಿಯಲು ಬಂದವರನ್ನು ಬರೀ ಕಸ ಗುಡಿಸಲು ಹಚ್ಚುವ ಮಾಲೀಕರು ಆಗ ಕಡಿಮೆಯಿರಲಿಲ್ಲ. ಅದನ್ನು ತಡೆಯಲೆಂದೇ ಮೇಡಂ ನಿಯಮದ ಕರಡೊಂದನ್ನು ಬರೆದರು: ಕಲಿಯುವವರಿಗೆ ವರ್ಷವಿಡೀ ಒಬ್ಬನೇ ಗುರು, ದಿನದ ಹಾಳೆಗೆ ಅವನದೇ ಸಹಿ, ಸಹಿಯಿಲ್ಲದ ದಿನ ಹಾಜರಿಗೆ ಸೇರದು.

ಮೋಟಾರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಜಾರಿಗೆ ಬಂದ ಆ ನಿಯಮವೇ ಉರುಳಾಯಿತು. ಅಲ್ಲಿ ಕಲಿಯುತ್ತಿದ್ದವಳು ಎರಡು ಮಕ್ಕಳ ತಾಯಿ. ಅವಳ ಗುರು ಕಾಲು ಮುರಿದುಕೊಂಡು ನಲವತ್ತೊಂದು ದಿನ ಮಲಗಿದ. ಅವಳು ಒಂದು ದಿನವೂ ತಪ್ಪಿಸದೆ ಉಳಿದವರಿಂದ ಕಲಿತರೂ ಹಾಳೆ ಖಾಲಿ. ಪರೀಕ್ಷೆಗೆ ಕೂರಿಸಲಾಗದೆಂದು ಕಚೇರಿ ಬರೆಯಿತು.

“ಕಲ್ಸೋದು ಕಷ್ಟ ಅಲ್ಲ ಮೇಡಂ, ನಿಮ್ಮ ಕಾಗದಕ್ಕೆ ಉತ್ತರ ಕೊಡೋದೇ ಕಷ್ಟ. ಇನ್ಮೇಲೆ ಒಬ್ರನ್ನೂ ಸೇರಿಸ್ಕೊಳ್ಳಲ್ಲ,” ಎಂದು ಕಚೇರಿಗೆ ಬಂದ ಅಂಗಡಿ ಮಾಲೀಕರು ಕೈಮುಗಿದರು.

ಮೇಡಂಗೆ ಮುಖಕ್ಕೆ ಹೊಡೆದ ಹಾಗಾಯಿತು. ಮರುದಿನ ಅಂಗಡಿಗೇ ಹೋಗಿ ಸ್ಟೂಲಿನ ಮೇಲೆ ಕುಳಿತರು. ಆ ತಾಯಿ ಸುಟ್ಟುಹೋಗಿದ್ದ ಮೋಟಾರೊಂದನ್ನು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸದು ಸುತ್ತಿ, ಸಂಜೆಯ ಹೊತ್ತಿಗೆ ಓಡಿಸಿ ತೋರಿಸಿದಳು.

“ಇದೆಲ್ಲ ಯಾರಮ್ಮ ಹೇಳ್ಕೊಟ್ಟಿದ್ದು?”

“ತಂತಿ ಸುತ್ತೋದು ಆ ಅಣ್ಣ, ಬೇರಿಂಗ್ ಕೂರ್ಸೋದು ಈ ಅಜ್ಜ. ಗಿರಾಕಿಗಳ ಹತ್ರ ಬೈಸ್ಕೊಳ್ಳೋದು ಮಾತ್ರ ಯಜಮಾನ್ರೇ ಕಲ್ಸಿದ್ದು!”

“ಅದಕ್ಕೂ ಒಂದು ಸಹಿ ಹಾಕ್ಬಿಡ್ಲಾ ಮೇಡಂ?” ಎಂದರು ಮಾಲೀಕರು.

ನಗು ನಿಂತ ಮೇಲೆ ಮೇಡಂಗೆ ದಿಗಿಲಾಯಿತು. ಅವರ ಬಡ್ತಿಯ ಕಡತ ಅದೇ ವಾರ ಸಮಿತಿಯ ಮುಂದಿತ್ತು. ತಪ್ಪೊಪ್ಪಿಕೊಳ್ಳಲು ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಿಲ್ಲ. ಎರಡು ಸಲ ಬರೆದು ಹರಿದರು. ಮೂರನೆಯ ಸಲ ಕಳಿಸಿಯೇಬಿಟ್ಟ ಟಿಪ್ಪಣಿಯಲ್ಲಿ ಹೀಗಿತ್ತು: ‘ಸಣ್ಣ ಅಂಗಡಿಯಲ್ಲಿ ಕಲಿಸುವುದು ಒಬ್ಬರಲ್ಲ, ಇಡೀ ಅಂಗಡಿ. ಅದನ್ನು ನೋಡದೆ ಕರಡು ಬರೆದದ್ದು ನನ್ನ ತಪ್ಪು. ಅದರ ಶಿಕ್ಷೆ ಕಲಿತವಳಿಗೆ ಬೇಡ.’

ನಿಯಮ ಬದಲಾಯಿತು, ಈಗ ಯಾರು ಕಲಿಸಿದರೂ ಅವರ ಸಹಿ ನಡೆಯುತ್ತದೆ. ಆಕೆ ಪರೀಕ್ಷೆ ಪಾಸಾದಳು. ಬಡ್ತಿ ಬೇರೆಯವರ ಪಾಲಾಯಿತು. ಮಾಲೀಕರು ಮರುವರ್ಷ ಇಬ್ಬರನ್ನು ಸೇರಿಸಿಕೊಂಡರು. ಅದನ್ನು ನೋಡಿ ಆ ಬೀದಿಯ ಇನ್ನೂ ಒಂಬತ್ತು ಅಂಗಡಿಗಳವರು ಅರ್ಜಿ ಕೇಳಿಕೊಂಡು ಬಂದರು.

ಅಂಗಡಿಯಿಂದಂಗಡಿಗೆ ಅಲೆಯುವ ಕಸುವು ನಮ್ಮ ಮೇಡಂ ಕಾಲಿಗೆ, ತಪ್ಪನ್ನು ತಮ್ಮದೆನ್ನುವ ಗಟ್ಟಿತನ ಅವರ ಎದೆಗೆ ನೂರು ವರ್ಷ ಇರಲಿ. ತಿದ್ದಬೇಕಾದ ನಿಯಮಗಳು ಇನ್ನೂ ಕಪಾಟಿನ ತುಂಬ ಇವೆ.