ಶಿರ್ವದಲ್ಲಿ ಕಲಿತ ಎರಡು ಕಡೆಯ ಹಾಡು

ಶಿವಮೊಗ್ಗದಿಂದ ಬೆಳಿಗ್ಗೆ ಐದೂವರೆಯ ಮಿನಿ ಬಸ್ಸು ಹತ್ತಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ರಜೆ ಹಾಕಿ ಕರಾವಳಿಗೆ ಹೊರಟದ್ದು ಒಂದು ಹಾಡು ಕಲಿಯುವುದಕ್ಕೆ ಎಂದರೆ ಹೆಡ್‌ಮಾಸ್ಟರು ನಂಬಿರಲಿಲ್ಲ. ಅವರದೂ ತಪ್ಪಲ್ಲ. ನಮ್ಮೂರಿನಲ್ಲಿ ನಾವು ಐದು ಜನ ಪ್ರತಿ ಭಾನುವಾರ ಸೇರಿ ಐನೂರು, ಎಂಟುನೂರು ವರ್ಷ ಹಳೆಯ ಯೂರೋಪಿನ ಹಾಡುಗಳನ್ನು ಹಾಡುತ್ತೇವೆ. ಪುಸ್ತಕ ನೋಡಿ, ಇಂಟರ್ನೆಟ್ಟಿನಲ್ಲಿ ಕೇಳಿ ಕಲಿತ ವಿದ್ಯೆ. ನಾವು ಶುರು ಮಾಡಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.

ಆಗುಂಬೆ ಇಳಿದು, ಹೆಬ್ರಿಯಲ್ಲಿ ಚಹಾ ಕುಡಿದು ಮಣಿಪಾಲ ಸೇರುವಾಗ ಹತ್ತು ಗಂಟೆ. ಗೆಳತಿ ಶೋಭಾ ಸ್ಟಾಪಿಗೇ ಬಂದಿದ್ದಳು. ಅವಳು ಫಿಸಿಯೋಥೆರಪಿಸ್ಟ್, ಈ ಪ್ರಯಾಣಕ್ಕೆ ಅವಳೇ ಕಾರಣ. ಮಂಡಿನೋವಿಗೆಂದು ಅವಳ ಬಳಿ ಬರುವ ಶಿರ್ವದ ಲಿಗೋರಿ ಎಂಬ ಮುದುಕರು ಕಾಲು ಎತ್ತಿಸುವಾಗಲೆಲ್ಲ ಲ್ಯಾಟಿನ್ನಿನಲ್ಲಿ ಏನೋ ಹಾಡಿಕೊಳ್ಳುತ್ತಿದ್ದರಂತೆ. ಅವಳು ಅದನ್ನು ಫೋನಿನಲ್ಲಿ ಕೇಳಿಸಿದ ದಿನ ನನಗೆ ಅನ್ನ ಸೇರಲಿಲ್ಲ. ಸತ್ತವರಿಗಾಗಿ ಹಾಡುವ ಮಧ್ಯಯುಗದ ರಾಗ ಅದು. ಗಾಯಕರು ಎರಡು ಕಡೆ ನಿಂತು, ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು ಹಾಡಬೇಕು. ಮುದುಕರು ಒಂದು ಸಾಲು ಹಾಡಿ, ಅಷ್ಟೇ ಹೊತ್ತು ಸುಮ್ಮನಿದ್ದು, ಮೂರನೆಯದಕ್ಕೆ ಹೋಗುತ್ತಿದ್ದರು. "ಇನ್ನರ್ಧ ತಂಗಿಯ ಹತ್ತಿರ ಉಂಟು" ಎಂದಿದ್ದರಂತೆ.

ಉಡುಪಿಯಲ್ಲಿ ಎರಡು ಬನ್ಸ್ ತಿಂದು ಕಾಪುವಿನ ಬಸ್ಸು ಹಿಡಿದೆ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ, ಸೀರೆ ಮೈಗಂಟಿತು. ಕಾಪುವಿನಲ್ಲಿ ಇಳಿದಾಗ ಅಣ್ಣತಂಗಿ ಕಳಿಸಿದ ಆಟೋ ಕಾಯುತ್ತಿತ್ತು. ಚಾಲಕ ಹಮೀದ್, ಐವತ್ತು ದಾಟಿದ ಬ್ಯಾರಿ, ಇನ್ನಂಜೆ ದಾಟುವವರೆಗೂ ಒಂದೇ ಸಮನೆ ಮಾತಾಡಿದರು.

"ಎಂತ, ಟೀಚರ್, ಸಂಬಂಧಿಕರಾ?"

"ಅಲ್ಲ. ಅವರ ಹಾಡು ಕಲಿಯಲು ಬಂದಿದ್ದೇನೆ."

ಹಮೀದ್ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಶಿರ್ವ ಬರುವವರೆಗೆ ತುಟಿ ಬಿಚ್ಚಲಿಲ್ಲ.

ಮನೆ ಕುವೈಟಿನಲ್ಲಿರುವ ಲಿಗೋರಿಯವರ ಮಗನದು. ಎರಡು ಮಾಳಿಗೆ, ನೆಲಕ್ಕೆಲ್ಲ ಗ್ರಾನೈಟು, ಸೋಫಾಕ್ಕೆ ಇನ್ನೂ ಪ್ಲಾಸ್ಟಿಕ್ಕು. ಲಿಗೋರಿಯವರಿಗೆ ಎಂಬತ್ತನಾಲ್ಕು, ತಂಗಿ ಸೆವ್ರಿನ್ ಬಾಯಿಗೆ ಎಂಬತ್ತೊಂದು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸುತ್ತಲೇ ಸೆವ್ರಿನ್ ಬಾಯಿ ತಮ್ಮ ಕರಾರು ಹೇಳಿಬಿಟ್ಟರು.

"ಮೊಬೈಲಿನಲ್ಲಿ ಹಿಡಿಯಲಿಕ್ಕೆ ಇಲ್ಲ. ಕಿವಿಯಲ್ಲೇ ಕಲಿಯಬೇಕು. ಮತ್ತೆ, ಎರಡೂ ಕಡೆ ಕಲಿಯಬೇಕು."

"ಎರಡೂ ಯಾಕೆ?"

"ಇಗರ್ಜಿಯ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂದ ಮೇಲೆ ಇದು ನಮ್ಮ ಮನೆಯಲ್ಲಿ ಮಾತ್ರ ಉಳಿಯಿತು" ಎಂದರು ಲಿಗೋರಿ. "ಈಗ ಇರುವುದು ನಾವಿಬ್ಬರೇ. ನಮ್ಮಲ್ಲಿ ಒಬ್ಬರು ಹೋದರೆ ಹೆಣದ ಮುಂದೆ ಅರ್ಧ ಹಾಡು ಹಾಡುವುದಾ? ಹೋದವರ ಕಡೆಗೆ ನೀವು ನಿಲ್ಲಬೇಕು. ಯಾರು ಮೊದಲು ಎಂದು ಗೊತ್ತಿಲ್ಲ ಅಲ್ವಾ?"

ಅವರಿಬ್ಬರೂ ಆರಾಮವಾಗಿ ಊಟ ಮುಂದುವರಿಸಿದರು.

ಹಾಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು, ನಡುವೆ ನನಗೊಂದು ಸ್ಟೂಲು. ಅಣ್ಣ ಶುರು ಮಾಡಿದರು. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ ರಾಗ, ಆದರೆ ನಾನು ಕೇಳಿದಂತಿರಲಿಲ್ಲ. ಬರಿಯ ಗ್ರಾನೈಟಿನ ಆ ಹಾಲಿನಲ್ಲಿ ಸಾಲು ಮುಗಿದರೂ ದನಿ ಮುಗಿಯುತ್ತಿರಲಿಲ್ಲ. ತಂಗಿ ತಮ್ಮ ಸಾಲು ಎತ್ತುವಾಗ ಅಣ್ಣನ ಕೊನೆಯ ಸ್ವರ ಇನ್ನೂ ಮಾಳಿಗೆಯ ಮೆಟ್ಟಿಲ ಕಡೆಯಿಂದ ಬರುತ್ತಿತ್ತು. ಮೇಲೆ ಯಾರಾದರೂ ಇದ್ದಾರೆಯೇ ಎಂದು ಎರಡು ಸಲ ತಿರುಗಿ ನೋಡಿದೆ. ಆರನೆಯ ಸಾಲಾದ ಮೇಲೆ ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಒಟ್ಟಿಗೆ ಬಲಗೈ ಎತ್ತಿ ಗಾಳಿಯಲ್ಲಿ ಏನನ್ನೋ ಮಗುಚಿದರು.

"ಅದು ಎಂತದು?"

"ಹಾಳೆ ತಿರುಗಿಸುವುದು" ಎಂದರು ಬಾಯಿ. "ದೊಡ್ಡ ಪುಸ್ತಕ ಇತ್ತು. ಗೆದ್ದಲು ತಿಂದು ಅರುವತ್ತು ವರ್ಷ ಆಯಿತು. ಆದರೆ ಅಲ್ಲಿ ನಿಲ್ಲಬೇಕು."

ನಾನೂ ಕೈ ಎತ್ತಿ ಇಲ್ಲದ ಹಾಳೆ ತಿರುಗಿಸಿದೆ. ಬೆರಳಿಗೆ ಏನೋ ತಾಗಿದಂತಾಯಿತು. ಉಗುರಿಗೆ ಅಂಟಿದ ಅನ್ನದ ಅಗುಳಿರಬೇಕೆಂದುಕೊಂಡೆ.

ಮೂರು ಗಂಟೆ ಹೀಗೆ ನಡೆಯಿತು. ನಡುನಡುವೆ ಇಬ್ಬರಲ್ಲೂ ಪೈಪೋಟಿ ಹತ್ತಿತು. ಅಣ್ಣ ಜೋರು ಮಾಡಿದರೆ ತಂಗಿ ಇನ್ನೂ ಜೋರು. ಅಣ್ಣ ಕೆಮ್ಮಿದ ಗಳಿಗೆಯಲ್ಲಿ ತಂಗಿ ನನ್ನ ಮೊಣಕೈ ಹಿಡಿದು ತಮ್ಮ ಸಾಲನ್ನು ಮೂರು ಸಲ ಹೇಳಿಸಿದರು. ಅವರು ನೀರು ತರಲು ಹೋದಾಗ ಅಣ್ಣ ಕುರ್ಚಿ ಹತ್ತಿರಕ್ಕೆಳೆದು ತಮ್ಮದನ್ನು ನನ್ನ ಕಿವಿಗೇ ಹಾಡಿದರು. ಹಾಡುಗಾರರ ಜಂಬಕ್ಕೆ ವಯಸ್ಸಿಲ್ಲ ಎಂದು ಒಳಗೊಳಗೇ ನಕ್ಕೆ. ಹೊರಡುವ ಹೊತ್ತಿಗೆ ಇಬ್ಬರ ಗಂಟಲೂ ಒಡೆದಿತ್ತು.

ಬೆಳ್ಮಣ್ಣಿನವರೆಗೆ ಮತ್ತೆ ಹಮೀದರ ಆಟೋ. ಗದ್ದೆಯ ದಾರಿಯಲ್ಲಿ ಅವರೇ ಮಾತು ತೆಗೆದರು.

"ಯಾರದ್ದು ನೆನಪುಂಟು, ಟೀಚರ್?"

"ಇಬ್ಬರದ್ದೂ ಕಲಿತೆನಲ್ಲ."

"ಹಾಗೆ ಆಗುವುದಿಲ್ಲ ಮಾರಾಯ್ರೆ. ಮೊದಲು ಅವರ ಅಪ್ಪ ಮತ್ತು ಚಿಕ್ಕಪ್ಪ ಹಾಡುತ್ತಿದ್ದದ್ದು. ಲಿಗೋರಿಯವರಿಗೆ ಎರಡೂ ಕಲಿಸಿದರಂತೆ. ಅಪ್ಪನ ಕಡೆ ಮಾತ್ರ ತಲೆಯಲ್ಲಿ ನಿಂತಿತು. ಆ ವರ್ಷವೇ ಅಪ್ಪ ಹೋದರು. ಆಮೇಲೆ ಬಾಯಿ ಕಲಿತರು. ಅವರಿಗೆ ಚಿಕ್ಕಪ್ಪನದ್ದು ನಿಂತಿತು. ಚಿಕ್ಕಪ್ಪ ಹೋದರು. ಕಲಿಯುವವರಿಗೆ ಯಾರ ಕಡೆ ನಿಲ್ಲುತ್ತದೋ ಅವರೇ ಮೊದಲು ಹೋಗುವುದು. ಊರಿಗೆಲ್ಲ ಗೊತ್ತುಂಟು. ಅದಕ್ಕೇ ಇಲ್ಲಿಯವರು ಯಾರೂ ಕಲಿಯಲಿಕ್ಕೆ ಹೋಗುವುದಿಲ್ಲ."

ಎರಡು ಉದಾಹರಣೆ ಇಟ್ಟುಕೊಂಡು ಸೂತ್ರ ಕಟ್ಟಬಾರದೆಂದು ಮಕ್ಕಳಿಗೆ ಹೇಳುವವಳು ನಾನು. ಹಮೀದರಿಗೂ ಅದನ್ನೇ ಹೇಳಿದೆ. ಆದರೆ ಆ ಒಡೆದ ಗಂಟಲುಗಳು ನೆನಪಾದವು. ಅದು ಜಂಬವಾಗಿರಲಿಲ್ಲ. ಒಬ್ಬರನ್ನೊಬ್ಬರು ಹಿಂದಕ್ಕೆ ತಳ್ಳಿ, ತಾವು ಮೊದಲು ಹೋಗಲು ಹೊರಟಿದ್ದರು ಆ ಇಬ್ಬರು. ನನಗೆ ಅಳು ಬಂತು.

ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬಾಯಿಯೊಳಗೇ ಹಾಡಿ ನೋಡಿದೆ. ಅಣ್ಣನ ಸಾಲುಗಳು ನೀರಿನಂತೆ ಬಂದವು. ತಂಗಿಯ ಜಾಗ ಬಂದಾಗಲೆಲ್ಲ ಖಾಲಿ. ಇನ್ನೊಮ್ಮೆ, ಮತ್ತೊಮ್ಮೆ, ಅಲ್ಲೇ ಖಾಲಿ.

ಕಾರ್ಕಳದ ನಿಲ್ದಾಣದಲ್ಲಿ ಹೆಬ್ರಿ ಕಡೆಯ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು. ಸೆವ್ರಿನ್ ಬಾಯಿ.

"ಮುಟ್ಟಿದಿರಾ? ಯಾರದ್ದು ನೆನಪುಂಟು?"

"ಇಬ್ಬರದ್ದೂ ಉಂಟು, ಬಾಯಿ."

"ಸುಳ್ಳು ಹೇಳಬೇಡಿ. ಅಣ್ಣನದ್ದು, ಅಲ್ವಾ?"

ಉತ್ತರಕ್ಕೆ ಕಾಯದೆ ಅವರು ಹಾಡತೊಡಗಿದರು, ಆ ಒಡೆದ ಗಂಟಲಿನಲ್ಲೇ, ತಮ್ಮ ಸಾಲುಗಳನ್ನು ಮಾತ್ರ. ಫೋನು ಇಡಬೇಕಿತ್ತು. ಇಡಲಾಗಲಿಲ್ಲ. ಎರಡೂ ಬಂದರೆ ಇಬ್ಬರೂ ಉಳಿಯುತ್ತಾರೆ ಎಂಬ ಹುಚ್ಚು ಲೆಕ್ಕ ನನ್ನದು. ಒಂದು ಕಿವಿ ಮುಚ್ಚಿಕೊಂಡು, ಕಂಡಕ್ಟರುಗಳ ಕೂಗಿನ ನಡುವೆ ಒಂದೊಂದೇ ಸಾಲನ್ನು ಅವರ ಹಿಂದೆ ಹೇಳಿದೆ. ಹಾಳೆಯ ಜಾಗ ಬಂದಾಗ ನನ್ನ ಬಲಗೈ ತಾನಾಗಿ ಮೇಲೆದ್ದಿತು.

"ಈಗ ಅಣ್ಣನದ್ದು ಹಾಡಿ" ಎಂದರು.

ಬಾಯಿ ತೆರೆದೆ. ಮೊದಲ ಸಾಲೇ ಬರಲಿಲ್ಲ.

"ಒಳ್ಳೆದಾಯಿತು, ಟೀಚರ್" ಎಂದರು. "ಅಣ್ಣನಿಗೆ ಹೇಳಬೇಡಿ. ಅವರಿಗೆ ಒಬ್ಬರೇ ಇರಲಿಕ್ಕೆ ಬರುತ್ತದೆ ಎಂದು ನಾನು ನಂಬಿದ್ದೇನೆ."

ಹೆಬ್ರಿಯವರೆಗೆ ಕಿಟಕಿಯ ಹೊರಗೆ ಏನಿತ್ತೋ ನಾನು ನೋಡಲಿಲ್ಲ. ಅಣ್ಣನ ಸಾಲುಗಳನ್ನು ಹುಡುಕುತ್ತಿದ್ದೆ. ಹೆಬ್ರಿಯಲ್ಲಿ ಶಿವಮೊಗ್ಗದ ಬಸ್ಸು ಸಿಕ್ಕಿತು. ಸೋಮೇಶ್ವರ ಹತ್ತಿರ ಬಂದಾಗ, ಇನ್ನೇನು ಘಾಟಿ ಶುರುವಾಗಿ ಸಿಗ್ನಲ್ ಹೋಗಬೇಕು, ಮತ್ತೆ ಅದೇ ನಂಬರಿನಿಂದ ಫೋನು. ಎತ್ತಿದೆ. ಹಲೋ ಎನ್ನಲಿಲ್ಲ, ಹೆಸರು ಹೇಳಲಿಲ್ಲ. ತಂಗಿಗೆ ಕೇಳಿಸಬಾರದೆಂದೋ ಏನೋ, ಬಲು ಮೆಲ್ಲಗೆ, ಲಿಗೋರಿಯವರು ತಮ್ಮ ಮೊದಲ ಸಾಲನ್ನು ಎತ್ತಿಕೊಂಡರು.