ಕಾರಿಗೆ ಮಗ್ಗದ ಬುಷ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಬನಹಟ್ಟಿ ಮನೆಯೆದುರು ಗುಜರಿಯವರ ಟೆಂಪೊ ಬಂದು ನಿಂತಿತ್ತು, ಮಾವನವರ ಹಳೆಯ ಅಂಬಾಸಿಡರನ್ನು ಎಳೆದೊಯ್ಯಲು. ಎಂಜಿನ್ ಗಟ್ಟಿಮುಟ್ಟಾಗಿದೆ. ಆದರೆ ಸ್ಟೀರಿಂಗ್ ಪಕ್ಕದ ಗೇರ್ ಹಿಡಿಕೆಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ಸರಳುಗಳ ಬುಷ್‌ಗಳು, ಅಂದರೆ ಕೀಲಿನೊಳಗಿನ ಪುಟ್ಟ ಬಳೆಗಳು, ಸವೆದು, ರಿವರ್ಸ್ ಬೀಳುತ್ತಲೇ ಇರಲಿಲ್ಲ. ಮೂತಿ ಒಳಗೆ ಮಾಡಿ ನಿಂತ ಕಾರು ರಿವರ್ಸ್ ಇಲ್ಲದೆ ಶೆಡ್ಡಿನಿಂದ ಹೊರಬರುವುದು ಹೇಗೆ?

ಈ ಕಾರಿನ ಹೊಸ ಬುಷ್ ಎಲ್ಲೂ ಸಿಗಲಿಲ್ಲ. ಮೆಕ್ಯಾನಿಕ್ ರಸೂಲ್ ಚಾಚಾ ಮತ್ತು ನಾನು ಮಗ್ಗದ ಬಿಡಿಭಾಗಗಳ ಅಂಗಡಿಯಿಂದ ನೈಲಾನ್ ಬುಷ್ ತಂದು, ಲೇತಿನಲ್ಲಿ ಅಳತೆಗೆ ಕಡೆಸಿ, ನಿನ್ನೆ ಕೂರಿಸಿದ್ದೆವು; ಕಾರು ತೆಗೆದು ನೋಡುವುದು ಇನ್ನೂ ಬಾಕಿಯಿತ್ತು.

ನನ್ನ ಗಂಡ ನಕ್ಕರು. "ಮಗ್ಗದ ಸಾಮಾನು ಹಾಕಿದ್ರ ಕಾರು ಓಡತೈತೋ, ಸೀರಿ ನೇಯತೈತೋ? ತಾನ ಹೊರಗ ಬಂದ್ರ ಇಟ್ಕೋ. ಇಲ್ಲಂದ್ರ ಟೆಂಪೊದ ಹಿಂದ ಹೋಗ್ಲಿ."

ಸೀಟಿನಲ್ಲಿ ಕುಳಿತಾಗ ನನಗೇ ಅನುಮಾನ: ಉಳಿಸಲು ಹೊರಟಿರುವುದು ಮಾವನ ಕಾರನ್ನೋ, ನನ್ನ ಹಟವನ್ನೋ?

"ಜಗ್ಗಬ್ಯಾಡ್ರಿ ಅಕ್ಕಾರ, ಸಾವಕಾಶ ಹಾಕ್ರಿ" ಎಂದರು ಚಾಚಾ.

ಹಾಕಿದೆ. ಟಕ್ ಎಂದು ಬಿತ್ತು. ಕಾರು ಮೆಲ್ಲಗೆ ಹಿಂದಕ್ಕೆ ಬಂದೇ ಬಂತು. ಅದಕ್ಕೆ ದಾರಿ ಬಿಡಲು ಗುಜರಿಯವರೇ ಟೆಂಪೊ ಸರಿಸಬೇಕಾಯಿತು.

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಮಗನನ್ನು ಕೇಳಿದರು, "ಏನಪಾ, ಸೀರಿ ಎಷ್ಟೊತ್ತಿಗೆ ಬರತೈತಿ?"

ಮೂರನೇ ಗೇರು ಇನ್ನೂ ಸ್ವಲ್ಪ ಬಿಗಿ. ಅದೂ ಸರಿಹೋದೀತು. ಆದರೆ ಹಿಂದಕ್ಕೆ ಹೋಗಿದ್ದಕ್ಕೆ ಮನೆಮಂದಿಯೆಲ್ಲ ನನಗೆ ಚಪ್ಪಾಳೆ ತಟ್ಟಿದ್ದು ಇದೇ ಮೊದಲು.